ಮುಚ್ಚಳದ ಬಿಗಿ

"ಸರೀರಿ, ಎಲ್ಲರೂ ಸ್ವಲ್ಪ ಸರೀರಿ!" ಎನ್ನುತ್ತ ಅವಳು ನೆಂಟರನ್ನು ಮೊಣಕೈಯಿಂದ ತಳ್ಳಿಕೊಂಡು, ತೀರಿಹೋದ ಗಂಡನನ್ನು ಮಲಗಿಸಿದ್ದ ತಂಪುಪೆಟ್ಟಿಗೆಯ ಹಿಂದಕ್ಕೆ ನುಗ್ಗಿದಳು.

ಬಾಡಿಗೆಯ ಪೆಟ್ಟಿಗೆ ಬೆಳಗಿನಿಂದ ಒಂದೇ ಸಮನೆ ಗುರುಗುಟ್ಟುತ್ತಿತ್ತು. ಆ ಸದ್ದಿಗೆ ಪಕ್ಕದ ಬೀದಿಯ ಕಿವುಡರೂ ಕಿವಿ ಮುಚ್ಚಿಕೊಂಡಿದ್ದರು. ಗಾಜಿನ ಮುಚ್ಚಳದ ತುಂಬ ಬೆವರು. ಗಂಡನ ಅಣ್ಣ ದೂರದಿಂದ ಹೊರಟಿದ್ದರು, ಬರುವುದು ಸಂಜೆಗೆ. ಅಲ್ಲಿಯತನಕ ಮುಖ ಕೆಡಬಾರದು.

"ಮೋಟಾರು ಒಂದು ಸಲಾನೂ ನಿಲ್ತಿಲ್ವಲ್ಲೋ!"

"ಓಡ್ತಿದೆ ಅಂದ್ರೆ ತಂಪಾಗ್ತಿದೆ ಅಂತ ತಾನೆ ಅಮ್ಮಾ?" ಎಂದ ಪೆಟ್ಟಿಗೆಯವನು.

"ನಿನ್ನ ತಲೆ! ತಂಪಾಗ್ತಿಲ್ಲ ಅಂತಾನೇ ಓಡ್ತಿದೆ. ಹಿಂದಿನ ಜಾಲರಿ ಯಾವಾಗ ಒರೆಸಿದ್ದೆ?"

"ಅದನ್ಯಾಕೆ ಒರೆಸ್ಬೇಕು? ಒಳಗೆ ಮಲಗಿದವರು ಯಾರೂ ಇವತ್ತಿನವರೆಗೆ ದೂರು ಹೇಳಿಲ್ಲ."

"ಅಕ್ಕಾ, ಸುಮ್ನೆ ಕೂತ್ಕೊಳ್ಳೇ. ಜನ ನೋಡ್ತಿದಾರೆ," ಎಂದು ಅವಳ ತಮ್ಮ ಗೊಣಗಿದ.

*

ಗಂಡ ಇದ್ದಾಗ, ರಜಾದಿನ ಬಂತೆಂದರೆ ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಲೋಕದ ಗಂಡಂದಿರೆಲ್ಲ ಹೆಂಡತಿಯ ಮುಖ ನೋಡಿದರೆ, ಇವನು ಫ್ರಿಜ್ಜಿನ ಬೆನ್ನು ನೋಡುತ್ತಿದ್ದ. ಬ್ರಷ್ಷಿನಿಂದ ಕೊಳವೆಗಳ ಧೂಳು ಉಜ್ಜಿ, ಬಾಗಿಲಿಗೆ ಕಾಗದದ ಚೂರು ಸಿಕ್ಕಿಸಿ ಕರೆಯುತ್ತಿದ್ದ:

"ಬಾರೇ, ಎಳಿ. ಸಲೀಸಾಗಿ ಬಂದ್ರೆ ರಬ್ಬರು ಸಡಿಲ, ಕರೆಂಟು ದಂಡ."

"ನಾನಂತೂ ಎಳೆಯಲ್ಲ. ನೀವು ಈ ಫ್ರಿಜ್ಜನ್ನೇ ಕಟ್ಕೋಬೇಕಿತ್ತು."

"ಅದಕ್ಕೆ ನಿನ್ನಷ್ಟು ಬಾಯಿಲ್ಲ ಬಿಡು," ಎಂದು ಅವನೇ ಎಳೆದುಕೊಳ್ಳುತ್ತಿದ್ದ.

*

ಬಾಡಿಗೆ ಪೆಟ್ಟಿಗೆಯ ಜಾಲರಿಯ ಧೂಳಿನಲ್ಲಿ ಎಮ್ಮೆ ಮೇಯಿಸಬಹುದಿತ್ತು. ಅವಳು ಸ್ವಿಚ್ಚು ಆರಿಸಿ, ಅವನ ಬ್ರಷ್ಷು ತಂದು, ಮಂಡಿಯೂರಿ ಉಜ್ಜಿದಳು. ಮುಚ್ಚಳದ ರಬ್ಬರನ್ನು ಒದ್ದೆಬಟ್ಟೆಯಿಂದ ಒರೆಸಿ, ಮಡಿಚಿಕೊಂಡಿದ್ದಲ್ಲಿ ಬಿಡಿಸಿದಳು.

"ಪಾಪ, ದುಃಖಕ್ಕೆ ತಲೆ ಕೆಟ್ಟಿದೆ," ಎಂದಳು ನೆರೆಮನೆಯಾಕೆ.

"ಕೆಟ್ಟಿದ್ದು ಅವರ ತಲೆ! ಹೋಗ್ತಾ ನಂಗೂ ಅಂಟಿಸಿ ಹೋದ್ರು ನೋಡಿ!"

ಸ್ವಿಚ್ಚು ಹಾಕಿದಳು. ಮತ್ತೆ ಗುರುಗುರು. ಪೆಟ್ಟಿಗೆಯವನು ಎರಡು ಲೋಟ ಟೀ ಕುಡಿದು ಮುಗಿಸುವಷ್ಟರಲ್ಲಿ ಟಕ್ಕೆಂದು ಮೋಟಾರು ನಿಂತಿತು. ಮನೆಯಿಡೀ ಎಂಥ ನಿಶ್ಶಬ್ದವೆಂದರೆ, ಅಳುತ್ತಿದ್ದವರಿಗೆ ತಮ್ಮ ದನಿಗೇ ನಾಚಿಕೆಯಾಯಿತು.

ಅವಳು ಪೇಪರಿನ ಅಂಚು ಹರಿದು, ಮುಚ್ಚಳ ಎತ್ತಿ, ರಬ್ಬರಿನ ಮೇಲಿಟ್ಟು ಮುಚ್ಚಿದಳು. ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು.

"ಬಿಡ್ರೀ ಅಂದ್ರೆ!" ಎಂದಳು, ಗಾಜಿನತ್ತ ನೋಡಿ.

ಸಂಜೆ ಗಂಡನ ಅಣ್ಣ ಹೊಸ್ತಿಲಲ್ಲಿ ನಿಂತಾಗ ಗಾಜಿನೊಳಗಿನ ಮುಖ ತಿಳಿಯಾಗಿ ಕಾಣುತ್ತಿತ್ತು. ಕಾಗದದ ಒಂದು ತುದಿ ಮುಚ್ಚಳದ ಬಿಗಿಯಲ್ಲಿ, ಇನ್ನೊಂದು ಅವಳ ಬೆರಳುಗಳ ನಡುವೆ ಇತ್ತು.