ಬಾಗಿಲ ಹೊರಗಿನ ಹಾಜರಿ

ಅಂದು ಬೆಳಿಗ್ಗೆ ಹಿನ್ನೀರಿನ ಕಡೆಯಿಂದ ಎದ್ದ ಮಂಜು ವಿದ್ಯಾಗಿರಿಯ ಮಾಳಿಗೆಗಳವರೆಗೂ ಏರಿ, ಎಂಟು ಗಂಟೆಯಾದರೂ ಇಳಿಯದೆ ನಿಂತಿತ್ತು. ಮಾರ್ಗಶಿರದ ಚಳಿ. ವಾಸುದೇವ ಮಾಸ್ತರರು ಸಂಧ್ಯಾವಂದನೆ ಮುಗಿಸಿ, ಕಿವಿಗೆ ಮಫ್ಲರ್ ಸುತ್ತಿಕೊಂಡು, ನೋಯುವ ಮೊಣಕಾಲನ್ನು ಎಳೆಯುತ್ತ ಕಾಲೇಜಿನ ದಾರಿ ಹಿಡಿದರು. ಹಾಜರಿ ಸಾಲದೆ ಪರೀಕ್ಷೆಗೆ ಕೂಡಲಾರದವರ ಪಟ್ಟಿಯನ್ನು ಅಂದು ಸಂಜೆಯೊಳಗೆ ಪ್ರಾಚಾರ್ಯರಿಗೆ ಒಪ್ಪಿಸಬೇಕಿತ್ತು.

ಮೂವತ್ತಮೂರು ವರ್ಷ ಗಣಿತ ಕಲಿಸಿದ ಜೀವ. ಮೊದಲೆಲ್ಲ ಹುಡುಗಿಯೊಬ್ಬಳು ನಡುವೆಯೇ ಓದು ಬಿಟ್ಟಳೆಂದರೆ ಸೈಕಲ್ ಹತ್ತಿ ಅವಳ ಹಳ್ಳಿಗೇ ಹೋಗುತ್ತಿದ್ದರು. ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾ ಕುಡಿದು, ತಂದೆಗೆ ತಿಳಿಹೇಳುತ್ತಿದ್ದರು. ಹತ್ತು ಮನೆಯಲ್ಲಿ ಎರಡು ಮನೆಯವರು ಹೂಂ ಅನ್ನುತ್ತಿದ್ದರು. ಉಳಿದ ಎಂಟು ಮನೆಗಳು ಅವರನ್ನು ವರ್ಷ ವರ್ಷಕ್ಕೆ ದಣಿಸಿಬಿಟ್ಟವು. ಈಗ ಅವರಲ್ಲಿ ಉಳಿದದ್ದು ಒಂದು ಶಿಸ್ತು ಮಾತ್ರ. ಎಂಟೂವರೆಗೆ ಹೆಸರು ಕೂಗುವುದು, ಮುಗಿದ ಕೂಡಲೇ ಬಾಗಿಲು ಹಾಕುವುದು. ಹಾಕಿದ ಬಾಗಿಲನ್ನು ಯಾರೂ ತಟ್ಟಬಾರದು.

ಈ ಸಲದ ಪಟ್ಟಿಯಲ್ಲಿ ಒಂದೇ ಹೆಸರು. ಶಿರೂರಿನ ದುರ್ಗಪ್ಪನ ಮಗಳು ಮಾಯಾ, ಕೊನೆಯ ವರ್ಷದವಳು. ಅರವತ್ತು ತರಗತಿಯಲ್ಲಿ ನಲವತ್ತೈದು ಬೇಕು, ಅವಳದು ಇಪ್ಪತ್ತೊಂಬತ್ತು. ಮಾಸ್ತರರು ಪಾಠ ಮುಗಿಸಿ ಬರುವ ಹೊತ್ತಿಗೆ ಅವಳೂ ಅವಳ ತಾಯಿ ಬಾಳಮ್ಮನೂ ಅವರ ಕೋಣೆಯ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದರು. ಬಾಳಮ್ಮ ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು. ಪರೀಕ್ಷೆಗೆ ಕೂಡದಿದ್ದರೆ ಓದು ಇಲ್ಲಿಗೇ ಸಾಕು, ಸಂಕ್ರಾಂತಿ ಆಗುತ್ತಲೇ ಲಗ್ನ ಎಂದು ಗಂಡ ಹೇಳಿಬಿಟ್ಟಿದ್ದನ್ನು ಅವಳು ಸಣ್ಣ ದನಿಯಲ್ಲಿ ತಿಳಿಸಿದಳು.

ಇಂಥ ಮಾತು ಮಾಸ್ತರರಿಗೆ ಹೊಸದಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಹಾಜರಿ ನಾ ಕೊಡೂದಲ್ಲವ್ವಾ. ಆಕಿ ಬಂದು ತಗೋಬೇಕಾಗಿತ್ತು.”

“ಏಳಕ್ಕಂದ್ರ ಮನಿ ಬಿಡ್ತಾಳ್ರಿ ಸರ. ಕಾಲೇಜಿಗೆ ಬಂದಿಲ್ಲಂದ್ರ ಎಲ್ಲಿ ಹೋಗಿದ್ಲು? ನಾಳೆ ಆಕಿ ಅಪ್ಪ ಕೇಳಿದ್ರ ನಾ ಏನ್ ಹೇಳ್ಲಿ?”

ತಾಯಿಯ ಕಣ್ಣಿನ ಸಂಶಯ ಕಂಡ ಮೇಲೆಯೇ ಮಾಯಾ ಬಾಯಿ ಬಿಟ್ಟದ್ದು. ಮೊದಲ ಬಸ್ಸು ಶಿರೂರಿಗೆ ಬರುವಾಗಲೇ ತುಂಬಿರುತ್ತದೆ, ಎಷ್ಟೋ ದಿನ ನಿಲ್ಲುವುದಿಲ್ಲ. ಅದರ ಹಿಂದೆ ಬರುವ ಬಸ್ಸು ಹಿಡಿದು ಬಂದರೆ ಎಂಟೂ ಮುಕ್ಕಾಲು. ಅಷ್ಟರಲ್ಲಿ ಬಾಗಿಲು ಹಾಕಿರುತ್ತದೆ.

“ತಟ್ಟಬಾರದು ಅಂದಿದ್ರಿ ಸರ. ಅದಕ್ಕ ಕಿಡಕಿ ಕೆಳಗ ಕುಂತು ಬರಕೊಂಡೆ.”

ಅವಳು ಚೀಲದಿಂದ ನೋಟಬುಕ್ಕು ತೆಗೆದು ಮೇಜಿನ ಮೇಲಿಟ್ಟಳು. ಪ್ರತಿ ಪುಟಕ್ಕೆ ತಾರೀಖು. ಅವರು ಬಾಯಲ್ಲಿ ಹೇಳಿದ್ದೆಲ್ಲ ಅಕ್ಷರಕ್ಕೆ ಅಕ್ಷರ ಅಲ್ಲಿತ್ತು. ಕರಿಹಲಗೆಯ ಮೇಲೆ ಮಾತ್ರ ಬರೆದದ್ದು ಅವಳಿಗೆ ಕಾಣದ್ದರಿಂದ ಅಲ್ಲಲ್ಲಿ ಜಾಗ ಖಾಲಿ ಬಿಟ್ಟು, ಆಮೇಲೆ ಗೆಳತಿಯರನ್ನು ಕೇಳಿ ಪೆನ್ಸಿಲಿನಲ್ಲಿ ತುಂಬಿದ್ದಳು. ಪಾಠ ಮುಗಿದು ಬಾಗಿಲು ತೆರೆದಾಗ ಗುಂಪಿನಲ್ಲಿ ಸೇರಿ ಮುಂದಿನ ತರಗತಿಗೆ ನಡೆದುಬಿಡುತ್ತಿದ್ದಳಂತೆ. ನಾಲ್ಕು ತಿಂಗಳು ಆ ಕಿಟಕಿಯ ಹೊರಗೆ ಇಣುಕಬೇಕೆಂದು ಮಾಸ್ತರರಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ತಾಯಿಗೂ ಮಗಳಿಗೂ ಅಲ್ಲೇ ಕೂಡಲು ಹೇಳಿ, ಹಾಜರಿ ಪುಸ್ತಕವನ್ನೂ ನೋಟಬುಕ್ಕನ್ನೂ ಕಂಕುಳಲ್ಲಿಟ್ಟುಕೊಂಡು ಊಟಕ್ಕೆ ಮನೆಗೆ ಹೋದರು.

ರುಕ್ಮಿಣೀಬಾಯಿ ರೊಟ್ಟಿ, ಪುಂಡಿಪಲ್ಯ ಬಡಿಸುತ್ತ ಗಂಡನ ಮಾತು ಪೂರ್ತಿ ಕೇಳಿದರು. ಒಳಗಿದ್ದವರಿಗೆ ಮಾತ್ರ ಹಾಜರಿ, ನಿಯಮವೆಂದರೆ ನಿಯಮ ಎಂದು ಮಾಸ್ತರರು ಹೇಳಿದ್ದನ್ನೇ ಹೇಳುತ್ತಿದ್ದರು.

“ಹೋದ ವರ್ಷ ಬನಶಂಕರಿ ಗುಡಿಗೆ ಹೋದಾಗ ನೈವೇದ್ಯಕ್ಕಂತ ಬಾಗಲಾ ಹಾಕಿದ್ರು,” ಎಂದರು ರುಕ್ಮಿಣೀಬಾಯಿ. “ಬಸ್ಸಿಗೆ ಹೊತ್ತಾತಂತ ಹೊರಗಿಂದನ ಕೈ ಮುಗದು ಬಂದ್ರಿ. ದರ್ಶನ ಭಾಳ ಛಲೋ ಆತು ಅಂತ ಓಣಿಗೆಲ್ಲಾ ಹೇಳಿದ್ರಿ. ಆ ಬನಶಂಕರಿ ತಾಯಿ ಹೊರಗ ನಿಂತ ನಿಮ್ಮ ಹಾಜರಿ ಹಿಡದ್ಲು. ಹೊರಗ ಕುಂತ ಈ ಹುಡುಗೀದು ಹಿಡೀಲಿಕ್ಕೆ ನಿಮಗ ಏನಾತು?”

ಮಾಸ್ತರರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದರು.

ಮಧ್ಯಾಹ್ನ ಮಾಯಾಳನ್ನು ಎದುರಿಗೆ ಕೂಡಿಸಿಕೊಂಡು ಗೈರುಹಾಜರಿಯ ಒಂದೊಂದು ತಾರೀಖನ್ನೂ ನೋಟಬುಕ್ಕಿನ ಜೊತೆ ತಾಳೆ ನೋಡಿದರು. ಮೂವತ್ತೊಂದರಲ್ಲಿ ಇಪ್ಪತ್ತೇಳು ಸಿಕ್ಕವು.

“ಈ ನಾಕು ದಿನಾ ಎಲ್ಲೆ ಅವ? ಪುಟ ಹರದಾವೇನು?”

ಹೌದು ಎಂದಿದ್ದರೆ ಅವೂ ದಕ್ಕುತ್ತಿದ್ದವು. ಹುಡುಗಿ ತಲೆ ಅಲ್ಲಾಡಿಸಿದಳು. “ಇಲ್ರಿ ಸರ. ಆವಾಗ ನಾ ಬಂದ ಇದ್ದಿಲ್ಲ. ಅವ್ವನ ಕೂಡ ಉಳ್ಳಾಗಡ್ಡಿ ಕೀಳಾಕ ಹೋಗಿದ್ದೆ.”

ಬಾಳಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಆ ನಾಲ್ಕನ್ನು ಹಾಗೇ ಬಿಟ್ಟು, ಉಳಿದವನ್ನು ಒಂದೊಂದಾಗಿ ತಿದ್ದಿ, ಪ್ರತಿಯೊಂದರ ಪಕ್ಕದಲ್ಲೂ ಸಹಿ ಹಾಕಿದರು. ಕೈ ಸೋತಿತು. ಪುಟದ ಕೆಳಗೆ ಬರೆದರು: ಈ ವಿದ್ಯಾರ್ಥಿನಿ ಹೊರಗೆ ಕುಳಿತು ಪಾಠ ಕೇಳಿದ್ದಾಳೆ, ಒಳಗೆ ಕರೆಯದೆ ಇದ್ದದ್ದು ನನ್ನ ತಪ್ಪು.

ಆ ಸಾಲನ್ನು ಓದಿ ಪ್ರಾಚಾರ್ಯರು ಪೆನ್ನು ಕೆಳಗಿಟ್ಟರು. ನಿವೃತ್ತಿಗೆ ಎರಡು ವರ್ಷ ಇರುವಾಗ ಇದು ದಫ್ತರಿನಲ್ಲಿ ಉಳಿಯುತ್ತದೆ, ನಾಳೆ ಯಾರಾದರೂ ವಿಚಾರಣೆ ಅಂದರೂ ಅಂದಾರು, ಕೊನೆಯ ಮಾತು ಬಿಟ್ಟು ಬರೆಯಬಾರದೇ ಎಂದು ಕೇಳಿದರು.

“ಉಳೀಲಿ ಬಿಡ್ರಿ,” ಎಂದರು ಮಾಸ್ತರರು. “ಖರೆ ಅದ.”

ಪ್ರಾಚಾರ್ಯರು ಸಹಿ ಮಾಡಿದರು. ಹಾಲ್ ಟಿಕೆಟ್ಟು ಕೈಗೆ ಬರುವಾಗ ಐದು ಹೊಡೆದಿತ್ತು. ಮಾಸ್ತರರು ಅಂಗಳಕ್ಕೆ ಇಳಿದು ಬಂದು ಅದನ್ನು ಮಾಯಾಳ ಕೈಯಲ್ಲಿಟ್ಟರು. ಬಾಳಮ್ಮ ಕಾಲಿಗೆ ಬೀಳಲು ಬಗ್ಗಿದಳು. ಅವರು ಹಿಂದೆ ಸರಿದು, ತಾವೇ ಆ ಹುಡುಗಿಗೆ ಕೈ ಮುಗಿದು, ಹೊರಟರು.