ಕೀತನ ಹೆಪ್ಪು

ಫೆಲ್ಥಮ್ ಸ್ಟೇಷನ್ನಿಂದ ಮನೆಗೆ ಹೋಗುವಾಗ ಇಂಗ್ಲಿಷ್ ಮುದುಕ ಕೀತನ ಅಂಗಡಿ ಹತ್ತಿರವಾಯಿತೆಂದರೆ ಸಾಕು, ರುದ್ರೇಶ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತಿದ್ದ. ಆಚೆ ಬದಿಯಲ್ಲಿ ಅವನಿಗೇನೂ ಕೆಲಸವಿರಲಿಲ್ಲ. ಒಂದು ಲಾಂಡ್ರಿ, ಒಬ್ಬ ಹಲ್ಲಿನ ಡಾಕ್ಟರು, ಅಷ್ಟೇ. ಏರ್‌ಪೋರ್ಟಿನ ಕಾರ್ಗೋದಲ್ಲಿ ದಿನವಿಡೀ ಹತ್ತು ಜನರನ್ನು ಗದರಿಸಿಕೊಂಡಿರುವ ಗಂಡಸು ಒಬ್ಬ ಮುದುಕನ ಕಿಟಕಿಗೆ ಅಂಜುತ್ತಿದ್ದನೆಂದರೆ ಯಾರಿಗಾದರೂ ನಗು ಬಂದೀತು. ನಗುವ ಮೊದಲು ಕಾರಣ ಕೇಳಿ.

ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ರುದ್ರೇಶನಿಗೆ ಹತ್ತಿದ್ದೇ ಆ ಅಂಗಡಿಯಲ್ಲಿ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು, ಡ್ರಮ್ಮು, ಪೈಪು ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಕೀತ್ ಒಂದು ಬಿರಡೆ ಮಾರಬೇಕಾದರೂ ಅರ್ಧ ಗಂಟೆ ಮಾತಾಡುವವನು. ರುದ್ರೇಶನ ಮೊದಲ ಬಿಯರು ಹುಳಿ ಹಿಡಿದಾಗ ಅದನ್ನೂ ಒಂದು ಗುಟುಕು ಕುಡಿದು, ಮುಖ ಕಿವುಚಿ, ಒಳಗೆ ಹೋಗಿ ಫ್ರಿಜ್‌ನಿಂದ ಒಂದು ಗಾಜಿನ ಜಾಡಿ ತಂದುಕೊಟ್ಟ. ಅದರ ತಳದಲ್ಲಿ ಬಿಯರನ್ನು ಹುದುಗಿಸುವ ಕೆನೆಬಣ್ಣದ ಯೀಸ್ಟು ಕೂತಿತ್ತು. ಎಂದೋ ಬಾಗಿಲು ಹಾಕಿದ ಬಿಯರ್ ಕಾರ್ಖಾನೆಯೊಂದರಲ್ಲಿ ಅವನಪ್ಪ ದುಡಿಯುತ್ತಿದ್ದನಂತೆ. ಕೊನೆಯ ದಿನ ಅಲ್ಲಿಂದ ತಂದ ಯೀಸ್ಟನ್ನು ಅಪ್ಪನ ನಂತರ ಮಗ ಜೀವಂತ ಇಟ್ಟುಕೊಂಡು ಬಂದಿದ್ದ. "ಇದು ಮಾರುವುದಲ್ಲ. ಬೆಳೆಸಿಕೋ" ಎಂದಿದ್ದ.

ಆಮೇಲೆ ರುದ್ರೇಶನ ಫೋನಿಗೆ ಆನ್‌ಲೈನ್ ಅಂಗಡಿ ಬಂತು. ಅಲ್ಲಿ ಎಲ್ಲವೂ ಅಗ್ಗ, ಮನೆ ಬಾಗಿಲಿಗೇ ಬರುತ್ತದೆ, ಮಾತಿನ ಗೋಳಿಲ್ಲ. ಮೊದಲು ದೊಡ್ಡ ಡ್ರಮ್ಮು ತರಿಸಿದ, ಆಮೇಲೆ ಬಾರ್ಲಿ, ಕಡೆಗೆ ಒಣ ಯೀಸ್ಟಿನ ಪ್ಯಾಕೆಟ್ಟು. ಕೆಲವು ದಿನ ಅನುಮಾನ ಕೇಳುವುದಕ್ಕಷ್ಟೇ ಕೀತನ ಹತ್ತಿರ ಹೋದ. ವಿಡಿಯೋಗಳು ಸಿಕ್ಕ ಮೇಲೆ ಅದೂ ನಿಂತಿತು. ಬರಿಗೈಯಲ್ಲಿ ಮುದುಕನ ಮುಂದೆ ಹಾದುಹೋಗುವುದು ಕಷ್ಟವಾಗತೊಡಗಿತು. ಹಾಗೆ ರಸ್ತೆ ದಾಟುವುದು ರೂಢಿಯಾಯಿತು.

ಒಂದು ಶನಿವಾರ ಮಧ್ಯಾಹ್ನ ಹಾಗೇ ದಾಟಿದ. ಹಲ್ಲಿನ ಡಾಕ್ಟರ ಬಾಗಿಲು ತೆಗೆದುಕೊಂಡು, ಕೋಲೂರುತ್ತಾ, ಕೀತನೇ ಹೊರಗೆ ಬಂದ.

ಕೀತ್ ಬೈಯಲಿಲ್ಲ. ಸೊಂಟದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದನಂತೆ. ಅಷ್ಟರಲ್ಲಿ ಅಂಗಡಿಯ ಫ್ರಿಜ್ ಕೆಟ್ಟು ಜಾಡಿಗಳೆಲ್ಲ ಹಾಳಾಗಿದ್ದವು. "ಅಪ್ಪನದು ಹೋಯಿತು. ಯಾರ್‍ಯಾರಿಗೆ ಕೊಟ್ಟಿದ್ದೆನೋ ಅವರನ್ನೆಲ್ಲ ಕೇಳುತ್ತಿದ್ದೇನೆ. ಯಾರ ಹತ್ತಿರವೂ ಇಲ್ಲ. ನಿನ್ನ ಹತ್ತಿರ ಏನಾದರೂ ಉಳಿದಿದೆಯಾ?"

ಆ ಜಾಡಿ ಎಲ್ಲಿ ಹೋಯಿತೆಂಬುದೇ ರುದ್ರೇಶನಿಗೆ ನೆನಪಿರಲಿಲ್ಲ. ಇಲ್ಲ ಎನ್ನುವುದಕ್ಕೆ ಬಾಯಿ ಬರಲಿಲ್ಲ. "ನೋಡ್ತೀನಿ" ಎಂದುಬಿಟ್ಟ.

ಮನೆಗೆ ಬಂದವನೇ ಸೋಫಾದಲ್ಲಿ ಕೂತು ಫೋನು ತಡಕಿದ. ನೂರೆಂಟು ಬಗೆಯ ಯೀಸ್ಟುಗಳಿದ್ದವು, ನಾಳೆಯೇ ತಂದುಕೊಡುತ್ತೇವೆ ಎನ್ನುವವರಿದ್ದರು. ಕೀತನಪ್ಪನದು ಎಲ್ಲೂ ಇರಲಿಲ್ಲ.

ಮುಸ್ಸಂಜೆಗೆ ಅವನ ಹೆಂಡತಿ ಸುವರ್ಣಾ ದೇವರ ಮುಂದೆ ದೀಪ ಹಚ್ಚಿ ಬಂದಳು. "ಯಾಕ್ರಿ, ಮಾರಿ ಸಣ್ಣ ಮಾಡ್ಕೊಂಡು ಕುಂತೀರಿ?"

ರುದ್ರೇಶ ಎಲ್ಲ ಹೇಳಿದ. ಕೇಳಿಸಿಕೊಂಡ ಸುವರ್ಣಾ ಫ್ರಿಜ್ ತೆಗೆದು, ಮೊಸರಿನ ಡಬ್ಬಿ, ಶೇಂಗಾ ಚಟ್ನಿ ಎಲ್ಲ ಸರಿಸಿ, ಹಿಂದಿನಿಂದ ಒಂದು ಜಾಡಿ ತೆಗೆದಳು. ಅದೇ ಜಾಡಿ.

"ನೀ ಇದನ್ನ ಚೆಲ್ಲಲಿಲ್ಲೇನು?"

"ಒಬ್ಬರ ಮನಿಯಿಂದ ತಂದ ಹೆಪ್ಪು ಯಾರರ ಚೆಲ್ತಾರೇನ್ರಿ? ನೀವು ಆ ಕಾಳು ಕುದಿಸಿದಾಗೊಮ್ಮೆ ಒಂದು ಸೌಟು ತಣ್ಣಗ ಮಾಡಿ ಹಾಕತಿದ್ದೆ. ನಾ ಏನ್ ಕುಡಿಯೂದಿಲ್ಲ, ವಾಸನಿ ಸೈತ ಸೇರೂದಿಲ್ಲ. ಆದ್ರ ಅದು ಜೀವ ಐತಲ್ಲ."

ರುದ್ರೇಶ ಜಾಡಿಗೆ ಕೈ ಹಾಕಿದ. ಅವಳು ಬಿಡಲಿಲ್ಲ.

"ಈಗ ಬ್ಯಾಡ್ರಿ. ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಬಾರದು. ಮುಂಜಾನೆ ಒಯ್ರಿ."

"ಅವ ಇಂಗ್ಲಿಷರವ. ಅವಂಗೇನ್ ಗೊತ್ತಾಗ್ತದ?"

"ಕೊಡಾಕಿ ನಾ ಅಲ್ಲೇನು?"

ಅವಳು ಆ ಜಾಡಿಗೆ ಒಂದಿಷ್ಟು ಬಾರ್ಲಿ ಕುದಿಸಿದ ನೀರು ಆರಿಸಿ ಹಾಕಿ, ಬಟ್ಟೆ ಮುಚ್ಚಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಅದಕ್ಕೆ ಜೀವವಿದೆಯೋ ಇಲ್ಲವೋ ಬೆಳಿಗ್ಗೆ ತಿಳಿಯುತ್ತಿತ್ತು. ರುದ್ರೇಶ ಸರಿಯಾಗಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು ಬಟ್ಟೆ ಸರಿಸಿದರೆ ನೊರೆ ಜಾಡಿಯ ಕುತ್ತಿಗೆಯವರೆಗೆ ಬಂದಿತ್ತು.

ಅಂಗಡಿಯಲ್ಲಿ ಕೀತ್ ಜಾಡಿಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ. "ಹೇಗೆ ಉಳಿಸಿಕೊಂಡೆಯೋ ಮಹರಾಯ" ಎಂದ.

ಸುಮ್ಮನೆ ನಕ್ಕುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ರುದ್ರೇಶನಿಂದ ಆಗಲಿಲ್ಲ. "ನಾನು ಉಳಿಸಲಿಲ್ಲ ಕೀತ್. ನನ್ನ ಹೆಂಡತಿ ಉಳಿಸಿದಳು. ನಾನು ಪ್ಯಾಕೆಟ್ ಯೀಸ್ಟ್ ಹಾಕುತ್ತೇನೆ. ಬಾರ್ಲಿ, ಹಾಪ್ಸ್ ಎಲ್ಲ ಈಗ ಆನ್‌ಲೈನಿನಲ್ಲೇ ತರಿಸುತ್ತೇನೆ."

"ಗೊತ್ತು" ಎಂದ ಕೀತ್. ಇನ್ನೊಂದು ಜಾಡಿ ತೊಳೆದು ತಂದು, ಅರ್ಧ ಅದಕ್ಕೆ ಬಗ್ಗಿಸಿಕೊಂಡು, ಉಳಿದರ್ಧವನ್ನು ರುದ್ರೇಶನ ಕೈಗೇ ವಾಪಸು ಕೊಟ್ಟ. "ಇದು ನಿನ್ನ ಹೆಂಡತಿಗೆ. ನನ್ನ ಫ್ರಿಜ್ ಮತ್ತೆ ಕೆಟ್ಟರೆ ಅವರ ಹತ್ತಿರ ಇರಲಿ."

ಬರಿಗೈಯಲ್ಲಿ ಹೋಗಲು ಮನಸ್ಸಾಗದೆ ರುದ್ರೇಶ ಬಾರ್ಲಿಯ ಚೀಲಕ್ಕೆ ಕೈ ಹಾಕಿದ. ಕೀತ್ ಕೋಲಿನಿಂದ ಚೀಲವನ್ನು ಆಚೆ ಸರಿಸಿದ.

"ಬಿಡು, ಅದು ನಿನಗೆ ಅಲ್ಲೇ ಅಗ್ಗ. ಅಲ್ಲೇ ತಗೋ. ರಸ್ತೆ ಮಾತ್ರ ದಾಟಬೇಡ. ಕಿಟಕಿಯಿಂದ ಕಾಣುತ್ತದೆ, ಬೇಜಾರಾಗುತ್ತದೆ."

ರುದ್ರೇಶ ಜಾಡಿ ಹಿಡಿದು ಹೊರಗೆ ಬಂದ. ಕಾಲು ರೂಢಿಯ ಪ್ರಕಾರ ಆಚೆ ಬದಿಗೆ ಒಂದು ಹೆಜ್ಜೆ ಇಟ್ಟಿತು. ಅವನು ನಿಂತ, ಹಿಂದಕ್ಕೆ ಬಂದ, ಕಿಟಕಿಯ ಮುಂದೆಯೇ ನಡೆದುಹೋದ. ಒಳಗಿನಿಂದ ಕೀತ್ ಕೈ ಎತ್ತಿದ. ಜಾಡಿ ಹಿಡಿದಿದ್ದ ಕೈಯನ್ನೇ ಇವನೂ ಎತ್ತಿದ.