ಇಂಜಿನ್ನಿಗೆ ಹಾಕಿದ ಹಾರ

ಆಯುಧ ಪೂಜೆಯ ರಜೆ ಮುಗಿದು ಫ್ಯಾಕ್ಟರಿ ತೆರೆದ ದಿನ. ಗುಬ್ಬಿಯಿಂದ ಅಂತರಸನಹಳ್ಳಿಗೆ ಹೆಣ್ಣುಮಕ್ಕಳನ್ನು ಪಾಳಿಗೆ ಮುಟ್ಟಿಸುವ ಟ್ರಿಪ್ಪು ಅವತ್ತಿನಿಂದ ನನ್ನದು. ಮೊದಲ ದಿನವೇ ತಡವಾದರೆ ಟ್ರಿಪ್ಪು ಅದಕ್ಕೇ ಕಾದಿದ್ದ ಇನ್ನೊಬ್ಬ ಡ್ರೈವರ್ ಚನ್ನೇಶನಿಗೆ ಎಂದು ಸೂಪರ್‌ವೈಸರ್ ಹೇಳಿಬಿಟ್ಟಿದ್ದರು. ನಾನು ತಡ ಮಾಡುವ ಪೈಕಿ ಅಲ್ಲ ಅಂತ ನಾನೂ ಹೇಳಿದ್ದೆ.

ನಮ್ಮ ಟವೇರಾ ಗಾಡಿ ಹಳೆಯದು, ಆದರೆ ಅದರ ನಾಡಿ ನನಗೆ ಗೊತ್ತು. ನಮ್ಮನೆಯವರು ಭುಜ ಮುರಿದುಕೊಂಡು ಕೂತ ಮೇಲೆ ಸ್ಟೇರಿಂಗ್ ಹಿಡಿದವಳು ನಾನು. ಹಬ್ಬಕ್ಕೆ ಮುಂಚೆಯೇ ಬ್ಯಾಟರಿಯ ಟರ್ಮಿನಲ್ ಮೇಲೆ ಕಟ್ಟಿದ್ದ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ವ್ಯಾಸಲಿನ್ ಹಚ್ಚಿದ್ದೆ. ಪೂಜೆಗೆ ಮನೆಮಂದಿಯೆಲ್ಲ ಬಂದರೂ ನಮ್ಮತ್ತೆ ಗಿರಿಯಮ್ಮ ಹೊಸಿಲು ದಾಟಲಿಲ್ಲ. ಹೆಂಗಸು ಓಡಿಸುವ ಗಾಡಿಗೆ ಅವರು ಕೈ ಮುಗಿಯುವುದಿಲ್ಲವಂತೆ. ಮುಗಿಯದಿದ್ದರೆ ಬಿಡಲಿ, ಗಾಡಿಯೇನು ನಿಂತುಹೋಗುತ್ತದೆಯೇ ಅಂದುಕೊಂಡೆ.

ಅವತ್ತು ಹುಡುಗಿಯರನ್ನು ಹತ್ತಿಸಿಕೊಂಡು ಮಲ್ಲಸಂದ್ರದ ಹತ್ತಿರ ಬಂದಾಗ ಬಾನೆಟ್ಟಿನೊಳಗೆ ಕಿರ್ರೆಂದು ಸದ್ದಾಯಿತು. ಸ್ಟೇರಿಂಗ್ ಮುಂದೆ ಬ್ಯಾಟರಿ ಗುರುತಿನ ಕೆಂಪು ದೀಪ ಹೊತ್ತಿಕೊಂಡಿತು. ಬ್ಯಾಟರಿ ಎಂದರೆ ಕೂಡಿಟ್ಟ ರಾಗಿ, ಅದನ್ನು ತುಂಬಿಸುವ ಆಲ್ಟರ್ನೇಟರ್ ದುಡಿಯುವ ಕೈ. ದುಡಿಯುವ ಕೈ ನಿಂತರೆ ಕಣಜ ಎಷ್ಟು ದಿನ ಬಂದೀತು? ಗಾಡಿಯನ್ನು ಪಕ್ಕಕ್ಕೆ ಹಾಕಿದೆ.

ಹಿಂದೆ ಕೂತಿದ್ದ ಮೋನಿಕಾ ಗಾಬರಿಯಾದಳು. "ಅಕ್ಕಾ, ಸೈರನ್ ಆದ್ಮೇಲೆ ಗೇಟ್ ಹಾಕ್ಬುಡ್ತಾರೆ. ಚನ್ನೇಶಣ್ಣಂಗೆ ಫೋನ್ ಮಾಡ್ಲಾ?"

"ಯಾರ್ಗೂ ಮಾಡ್ಬೇಡ. ಬ್ಯಾಟರಿ ಗಟ್ಟಿ ಐತೆ, ಚಾರ್ಜ್ ಆಗ್ತಿಲ್ಲ ಅಷ್ಟೇ. ನಾನಿದೀನಿ, ಸುಮ್ನೆ ಕೂತ್ಕೊ."

ಇಂಜಿನ್ ಆರಿಸಿ ಬಾನೆಟ್ ಎತ್ತಿದೆ. ಆಲ್ಟರ್ನೇಟರಿನ ಗಾಲಿಗೆ ಏನೋ ಸುತ್ತಿಕೊಂಡು, ಅದನ್ನು ತಿರುಗಿಸುವ ಬೆಲ್ಟು ಅರ್ಧ ಜಾರಿತ್ತು. ಇದು ಆ ಚನ್ನೇಶನದೇ ಕೈವಾಡ, ಸಂಜೆ ಅವನ ಗ್ರಹಚಾರ ಬಿಡಿಸುತ್ತೇನೆ ಎಂದು ಹಲ್ಲು ಕಡಿಯುತ್ತಾ ಎಳೆದೆ. ಕೈಗೆ ಬಂದದ್ದು ನಜ್ಜುಗುಜ್ಜಾದ ಕನಕಾಂಬರ, ಬಾಳೆನಾರಿನಲ್ಲಿ ಕಟ್ಟಿದ್ದು. ಊರೆಲ್ಲ ದಾರದಲ್ಲಿ ಹೂ ಕಟ್ಟುತ್ತದೆ. ನಾರೇ ಬೇಕು ಎಂದು ಹಟ ಹಿಡಿಯುವವರು ನಮ್ಮ ಬೀದಿಯಲ್ಲಿ ಒಬ್ಬರೇ, ನಮ್ಮತ್ತೆ. ನಾನಿಲ್ಲದ ಹೊತ್ತು ನೋಡಿ ಮಗನಿಂದ ಬಾನೆಟ್ ತೆಗೆಸಿ, ಯಾರಿಗೂ ಕಾಣದ ಹಾಗೆ ಇಂಜಿನ್ನಿಗೇ ಹಾರ ಹಾಕಿದ್ದರು.

ಕಣ್ಣು ತುಂಬಿ ಬಂತು. ಆದರೆ ಅಳುವುದಕ್ಕೆ ಪುರುಸೊತ್ತೆಲ್ಲಿ? ಗಾಲಿಯ ಸಂದಿನಲ್ಲಿದ್ದ ನಾರನ್ನೆಲ್ಲ ಕಿತ್ತು, ಬೋಲ್ಟು ಸಡಿಲಿಸಿ ಬೆಲ್ಟು ಕೂರಿಸಿ, ಬಿಗಿ ಮಾಡಿ ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಕೀಲಿ ತಿರುಗಿಸಿದೊಡನೆ ಇಂಜಿನ್ ಹಿಡಿಯಿತು, ಕೆಂಪು ದೀಪ ಆರಿತು. ಸೈರನ್ ಕೂಗುವಾಗ ಹುಡುಗಿಯರೆಲ್ಲ ಗೇಟಿನ ಒಳಗಿದ್ದರು. ನಾಳೆಯೂ ಬನ್ನಿ ಅಂದರು ಸೂಪರ್‌ವೈಸರ್.

ಸಂಜೆ ಅತ್ತೆ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ತಲೆ ಎತ್ತದೆಯೇ ಕೇಳಿದರು: "ಗಾಡಿ ಹೆಂಗೋಯ್ತು?"

"ಚೆನ್ನಾಗೇ ಹೋಯ್ತು ಅತ್ತೆ. ಒಳಗ್ ಹಾಕಿದ್ರೆ ಯಾರ್ಗೂ ಕಾಣಲ್ಲ. ಇನ್ಮೇಲೆ ಮುಂದ್ಗಡೆ ಕಟ್ಟಿ."

ಅವರು ಇನ್ನೊಂದು ಹೂ ಸೇರಿಸಿ ನಾರಿನ ಗಂಟು ಬಿಗಿದರು. ಮಾರನೆಯ ಬೆಳಿಗ್ಗೆ ಕೀಲಿ ಹಿಡಿದು ಹೊರಗೆ ಬಂದೆ. ಗಾಡಿಯ ಮೂತಿಗೆ ಮಾರುದ್ದದ ಕನಕಾಂಬರ ಹಾರ, ಇಡೀ ಬೀದಿಗೆ ಕಾಣುವಂತೆ ಕಟ್ಟಿದ್ದರು.